ಹಡಗಿಗೆ ಬಣ್ಣ ಹಚ್ಚಿದ ಮೇ ತಿಂಗಳು

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಗೋವಾದ ವಾಸ್ಕೋದಲ್ಲಿ ಸಮುದ್ರ ಅಳೆಯುವ ಒಂದು ಸಣ್ಣ ಘಟಕವಿತ್ತು. ನಾನು ಅದರಲ್ಲಿ ಹಿರಿಯ ತಾಂತ್ರಿಕ ಅಧಿಕಾರಿ. ಆ ಘಟಕ ಈಗ ಇಲ್ಲ, ಅದರ ಹೆಸರು ಹೇಳಿ ಯಾರಿಗೂ ಲಾಭವೂ ಇಲ್ಲ. ಹುದ್ದೆಯ ಹೆಸರು ದೊಡ್ಡದಾಗಿ ಕೇಳಿಸುತ್ತದೆ. ಕೆಲಸ ಇಷ್ಟೇ: ಹಡಗಿನ ಉಪಕರಣಗಳನ್ನು ಸುಸ್ಥಿತಿಯಲ್ಲಿ ಇಡುವುದು, ವಿಜ್ಞಾನಿಗಳು ಸಮುದ್ರಕ್ಕೆ ಹೊರಟರೆ ಜೊತೆಗೆ ಹೋಗುವುದು, ತಿರುಗಿ ಬಂದ ಮೇಲೆ ಉಪ್ಪು ತೊಳೆದು ತುಕ್ಕು ಒರೆಸುವುದು. ಧಾರವಾಡದಲ್ಲಿ ಭೌತಶಾಸ್ತ್ರ ಓದಿದವನು, ಹರೆಯಕ್ಕೆ ಬರುವವರೆಗೆ ಸಮುದ್ರವನ್ನು ಕ್ಯಾಲೆಂಡರಿನಲ್ಲಷ್ಟೇ ನೋಡಿದವನು, ಈ ನೌಕರಿಗೆ ಹೇಗೆ ಬಂದೆ ಎಂಬ ಕಥೆ ಬೇರೆ. ಅದನ್ನು ಶುರು ಮಾಡಿದರೆ ನಮ್ಮ ಮನೆಯಾಕೆ ಎದ್ದು ಅಡುಗೆಮನೆಗೆ ಹೋಗುತ್ತಾಳೆ, ಅಷ್ಟು ಸಲ ಹೇಳಿದ್ದೇನೆ. ಇವತ್ತು ಒಂದು ಸಮ್ಮೇಳನದ ಕಥೆ ಹೇಳುತ್ತೇನೆ. ನನ್ನ ನೌಕರಿಯಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ತರಿಸಿದ ಕೆಲವು ವಾರಗಳ ಕಥೆ.

ಆ ವರ್ಷ ನಮ್ಮ ಘಟಕಕ್ಕೆ ಒಂದು ದೊಡ್ಡ ಮಾನ ಒದಗಿ ಬಂತು. ಮುಂಗಾರು ಮತ್ತು ಅರಬ್ಬೀ ಸಮುದ್ರದ ಕುರಿತು ಅಂತರರಾಷ್ಟ್ರೀಯ ಸಮ್ಮೇಳನ ಗೋವಾದಲ್ಲಿ ನಡೆಯಬೇಕು, ಅದನ್ನು ನಾವೇ ನಡೆಸಬೇಕು. ನಮ್ಮ ನಿರ್ದೇಶಕರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಯಾವ ತಿಂಗಳು? ಯಾರಾದರೂ ಬುದ್ಧಿ ಇದ್ದವರು ಡಿಸೆಂಬರ್ ಅನ್ನುತ್ತಾರೆ. ಆದರೆ ಉದ್ಘಾಟನೆಗೆ ಬರುವ ಗಣ್ಯರಿಗೆ ಬಿಡುವಿದ್ದದ್ದು ಮೇ ಕೊನೆಯಲ್ಲಿ. ಗಣ್ಯರು ಮೊದಲು, ಸಮುದ್ರ ಆಮೇಲೆ. ದಿನ ಗೊತ್ತಾಯಿತು.

ಇದರಿಂದ ಪೆಟ್ಟು ಯಾರಿಗೆ ಬಿತ್ತು ಎಂದರೆ ಸುಮಂಗಲಾಳಿಗೆ. ಗದಗಿನ ಹುಡುಗಿ, ಸಂಶೋಧನಾ ವಿದ್ಯಾರ್ಥಿನಿ, ನಿರ್ದೇಶಕರೇ ಅವಳ ಮಾರ್ಗದರ್ಶಕರು. ನನ್ನನ್ನು ಕಾಕಾ ಅನ್ನುತ್ತಿದ್ದಳು. ಅವಳ ಕೆಲಸ ಏನೆಂದು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನ ಗೋಳು ತಿಳಿಯುವುದಿಲ್ಲ. ಬೇಸಿಗೆಯಲ್ಲಿ ನಮ್ಮ ಕರಾವಳಿಯ ಸಮುದ್ರ ಮೇಲೆ ಮೇಲೆ ಕಾದಿರುತ್ತದೆ. ಆದರೆ ಆಳದಲ್ಲಿರುವ ತಣ್ಣನೆಯ, ಆಮ್ಲಜನಕ ಕಡಿಮೆ ಇರುವ ನೀರು ತಳ ಹಿಡಿದು ಮೆಲ್ಲಗೆ ದಂಡೆಯ ಕಡೆ ಏರತೊಡಗುತ್ತದೆ. ಮಳೆಗಾಲದಲ್ಲಿ ಅದು ದಂಡೆಯ ಹತ್ತಿರಕ್ಕೇ ಬರುತ್ತದೆ; ಮೀನು ಬದುಕುವುದೋ ಓಡುವುದೋ ಎಂಬುದು ಅದರ ಮೇಲೆ ನಿಂತಿದೆ. ಮಳೆ ಬೀಳುವ ಮುಂಚೆ ಈ ನೀರು ಎಲ್ಲಿಯವರೆಗೆ ಏರಿರುತ್ತದೆ? ಇದೇ ಅವಳ ಪ್ರಶ್ನೆ. ಅದಕ್ಕೆ ಪ್ರತಿ ವರ್ಷ ಮೇ ಕೊನೆಯಲ್ಲಿ, ದಂಡೆಯಿಂದ ಆಳದವರೆಗೆ ಒಂದೇ ಗೆರೆಯ ಮೇಲೆ ಅಲ್ಲಲ್ಲಿ ನಿಂತು ನೀರು ಎತ್ತಿ ಅಳೆಯಬೇಕು. ಮೂರು ವರ್ಷ ಆಗಿತ್ತು, ಇದು ನಾಲ್ಕನೆಯದು ಮತ್ತು ಕೊನೆಯದು. ಆ ಸಲದ ಅಳತೆ ಸೇರಿದರೆ ಪ್ರಬಂಧ ಪೂರ್ಣ. ಅವಳ ಫೆಲೋಶಿಪ್ ಆಗಸ್ಟಿಗೆ ಮುಗಿಯುತ್ತಿತ್ತು. ಮನೆಯಲ್ಲಿ ಅಪ್ಪ, "ಆತು, ಇನ್ನ ಸಾಕು, ಮದವಿ ಮಾಡಿ ಬಿಡ್ತೇನಿ" ಎಂದು ಕಾಯುತ್ತಿದ್ದರು.

ಸಮ್ಮೇಳನದ ಕಾರ್ಯದರ್ಶಿಯಾಗಿದ್ದವರು ನಮ್ಮ ಆಡಳಿತಾಧಿಕಾರಿ ಕುಲಕರ್ಣಿಯವರು. ಬೆಳಗಾವಿ ಕಡೆಯವರು, ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಸದಾ ಫೈಲು. ಕೆಟ್ಟವರಲ್ಲ. ಅವರ ಪಾಲಿಗೆ ಸಮುದ್ರ ಅಂದರೆ ಕಚೇರಿಯ ಕಿಟಕಿಯಾಚೆ ಇರುವ ಒಂದು ವಸ್ತು, ಅಷ್ಟೆ. ಪರದೇಶದ ವಿಜ್ಞಾನಿಗಳಿಗೆ ನಮ್ಮ ಸಂಶೋಧನಾ ಹಡಗನ್ನು ತೋರಿಸಬೇಕು, ಅದಕ್ಕೆ ಹೊಸ ಬಣ್ಣ ಹಚ್ಚಬೇಕು, ಅಲ್ಲಿಯವರೆಗೆ ಹಡಗು ಬಂದರು ಬಿಟ್ಟು ಅಲುಗಬಾರದು ಎಂದು ಅವರು ಹುಕುಂ ಹೊರಡಿಸಿದರು. ನಾನೂ ಸುಮಂಗಲಾಳೂ ಅವರ ಕೋಣೆಗೆ ಹೋದೆವು.

"ದೇಸಾಯರ, ಸಮುದ್ರ ಎಲ್ಲೆ ಓಡಿ ಹೋಗ್ತದ?" ಎಂದರು ಕುಲಕರ್ಣಿ. "ಸಮ್ಮೇಳನ ಮುಗೀಲಿ. ಆಮ್ಯಾಲೆ ಎಷ್ಟು ಬೇಕಾದ್ರ ಅಳೀರಿ, ಯಾರು ಬ್ಯಾಡಂತಾರ?"

"ಮಳಿ ಬಂದ್ರ ಅದು ಬ್ಯಾರೇನ ಸಮುದ್ರ ಆಗ್ತೈತ್ರಿ ಸಾಹೇಬ್ರ. ಮಳಿಗಿಂತ ಮೊದಲಿಂದ ಬೇಕು," ಎಂದೆ ನಾನು.

"ಮಳಿ ನಕ್ಷತ್ರ ಮಿರಗ ಇನ್ನೂ ಕೂಡಿಲ್ಲ. ಅಲ್ಲಾ, ಮುಂಗಾರು ಇಲ್ಲೆ ಜೂನ್ ಮೊದಲನೇ ವಾರ ಬರ್ತದಂತ ಬರದವರೂ ನೀವ, ಈಗ ಮೇ ತಿಂಗಳಾಗ ಹೆದರವರೂ ನೀವ! ನಾ ಯಾರ ಮಾತು ನಂಬಲಿ?"

ಸುಮಂಗಲಾ ತಡೆಯಲಾರದೆ, "ಅದು ಸರಾಸರಿ ರೀ ಸರ್. ಮಳಿಗೆ ನಾವೇನ ಅಪಾಯಿಂಟ್‌ಮೆಂಟ್ ಕೊಟ್ಟಿಲ್ರಿ," ಎಂದಳು.

ಕುಲಕರ್ಣಿ ನನ್ನ ಕಡೆ ತಿರುಗಿ, "ಹುಡುಗಿ ಮಾತು ಭಾಳ ಚುರುಕದ," ಎಂದು ಫೈಲು ಮುಚ್ಚಿದರು.

ನಿರ್ದೇಶಕರ ಹತ್ತಿರ ಹೋಗಿ ಗೋಗರೆದು ಕೊನೆಗೆ ಒಂದು ದಾರಿ ಮಾಡಿಕೊಂಡೆವು. ಬಣ್ಣದ ಕೆಲಸ ಮುಗಿದ ದಿನದಿಂದ ಅತಿಥಿಗಳು ಹಡಗು ನೋಡಲು ಬರುವ ದಿನದವರೆಗೆ ನಡುವೆ ಎಷ್ಟು ಹೊತ್ತು ಉಳಿಯುತ್ತದೋ ಅಷ್ಟು ನಮ್ಮದು. ಆದರೆ ಬಣ್ಣಕ್ಕೆ ಒಂದು ಗೀರೂ ಬೀಳಬಾರದು. ಮೂರು ನಾಲ್ಕು ದಿನ ಸಿಕ್ಕಾವು ಎಂದು ನಾನು ಲೆಕ್ಕ ಹಾಕಿದ್ದೆ.

ಬಣ್ಣದ ಗುತ್ತಿಗೆ ಹಿಡಿದವನು ದಾವಲಸಾಬ ಮೇಸ್ತ್ರಿ. ಮುದ್ದೇಬಿಹಾಳದ ಕಡೆಯವನು, ವಾಸ್ಕೋದ ಬಾಯ್ನಾ ಓಣಿಯಲ್ಲಿ ಸಂಸಾರ, ಕೈಕೆಳಗೆ ಊರಿನದೇ ಏಳೆಂಟು ಮಂದಿ. ಚಲೋ ಕೆಲಸಗಾರ, ಮಾತಿನಲ್ಲಿ ಅದಕ್ಕಿಂತ ಚಲೋ. ಆದರೆ ನಮ್ಮ ಹಡಗು ನಿಂತಿದ್ದ ಮುರ್ಗಾಂವ ಬಂದರಿನಲ್ಲಿ ಬಿಳಿ ಬಣ್ಣ ಹಚ್ಚುವುದೆಂದರೆ ಏನೆಂದು ಯಾರೂ ಯೋಚಿಸಿರಲಿಲ್ಲ. ಅಲ್ಲಿ ಹಗಲೂ ರಾತ್ರಿ ದೊಡ್ಡ ಹಡಗುಗಳಿಗೆ ಕಬ್ಬಿಣದ ಅದಿರು ತುಂಬುತ್ತಾರೆ. ಗಾಳಿ ಬೀಸಿದರೆ ಕೆಂಪು ಧೂಳು. ಅಂಗಿ ಕೆಂಪು, ಊಟದ ಡಬ್ಬಿ ಕೆಂಪು. ಹಸಿ ಬಣ್ಣ ಬಿಟ್ಟೀತೇ?

ಮೂರನೆಯ ದಿನ ನೋಡಲು ಹೋದಾಗ ದಾವಲಸಾಬ ತಲೆಗೆ ಕೈ ಹಚ್ಚಿ ಕೂತಿದ್ದ. "ಸಾಹೇಬ್ರ, ಮುಂಜಾನೆ ಬಿಳೇದು ಹಚ್ಚಾಕತ್ತೇವ್ರಿ, ಸಂಜಿಕ ಮದಮಗಳ ಗಲ್ಲ ಆಗಿರ್ತೈತಿ. ಮತ್ತ ತೊಳಿ, ಮತ್ತ ಹಚ್ಚು. ಇದು ಮುಗಿಯೂ ಹಂಗ ಕಾಣಂಗಿಲ್ರಿ."

"ಕುಲಕರ್ಣಿಯವರಿಗೆ ಹೇಳೀಯೇನು?"

"ಹೇಳೇನ್ರಿ. ಅದಿರು ತುಂಬೂದು ನಿಲ್ಲಸ್ರಿ ಅಂತ ಬಂದರಿಗೆ ಕಾಗದ ಬರೀತೇನಿ ಅಂದ್ರು!"

ಬರೆದರೂ ಬರೆದರು. ಬಂದರಿನವರು ಉತ್ತರ ಕೊಡುವ ತೊಂದರೆ ತೆಗೆದುಕೊಳ್ಳಲಿಲ್ಲ. ನಮಗೆ ಸಿಗಬೇಕಾಗಿದ್ದ ದಿನಗಳು ಒಂದೊಂದಾಗಿ ಧೂಳು ತೊಳೆಯುವುದರಲ್ಲಿ ಹೋದವು. ಅತ್ತ ಪಡುವಣ ಆಕಾಶದಲ್ಲಿ ದಿನಾ ಸಂಜೆ ಮೋಡ ಕಟ್ಟುತ್ತಿತ್ತು. ಸುಮಂಗಲಾ ದಿನಾ ಬಂದು ಹಡಗಿನ ಮುಂದೆ ನಿಲ್ಲುತ್ತಿದ್ದಳು. ಬಣ್ಣ ಮುಗಿದ ಗಳಿಗೆಯಲ್ಲೇ ಹೊರಟುಬಿಡಬೇಕೆಂದು, ನೀರು ಹಿಡಿಯುವ ಹಿತ್ತಾಳೆಯ ಬಾಟಲಿಗಳನ್ನೆಲ್ಲ ಡೆಕ್ಕಿನ ಚೌಕಟ್ಟಿನಲ್ಲಿ ಸಾಲಾಗಿ ನಿಲ್ಲಿಸಿ, ಕವಾಟಗಳಿಗೆಲ್ಲ ಎಣ್ಣೆ ಬಿಟ್ಟು ತಯಾರು ಮಾಡಿಟ್ಟಿದ್ದಳು.

ಇನ್ನು ಎರಡೇ ದಿನ ಉಳಿದಿರುವಾಗ ಕೆಲಸ ಮುಗಿಯಿತೆಂದು ಸುದ್ದಿ ಬಂತು. ನಾನು ಬಾಟಲಿಗಳಿಗೆ ಕಟ್ಟುವ ಥರ್ಮಾಮೀಟರುಗಳ ಪೆಟ್ಟಿಗೆ ಹಿಡಿದುಕೊಂಡು, ಸುಮಂಗಲಾ ತನ್ನ ರಾಸಾಯನಿಕಗಳ ಬುಟ್ಟಿ ಹಿಡಿದುಕೊಂಡು ಓಡಿದೆವು. ನಮಗಿಂತ ಮುಂಚೆ ಹಡಗಿನ ಕ್ಯಾಪ್ಟನ್ ಮಿನೇಜಿಸ್ ಡೆಕ್ಕಿನ ಮೇಲೆ ನಿಂತಿದ್ದರು. ಗೋವಾದ ಹಳೆಯ ಕುಳ, ಕಾರವಾರದಲ್ಲಿ ಬೀಗರಿದ್ದುದರಿಂದ ಕನ್ನಡ ಅಷ್ಟಿಷ್ಟು ಬರುತ್ತಿತ್ತು. ಆಗ ಮಾತ್ರ ಬಾಯಿಂದ ಬಂದದ್ದು ಕೊಂಕಣಿಯೇ: "ದೇವಾ! ಹೆಂ ಕಿತೆಂ ಕೆಲೆಂ ರೇ?" ಏನು ಮಾಡಿಟ್ಟಿರೋ ಇದು ಎಂದು.

ಬಾಟಲಿಗಳಿಗೆ ಬಣ್ಣ ಹಚ್ಚಿದ್ದರು. ಎಲ್ಲಕ್ಕೂ. ಹಳದಿ ಮೈ, ಕೆಂಪು ಮೂತಿ.

ಓದುವವರಿಗೆ ಇದರಲ್ಲಿ ಏನು ಮಹಾ ಅನ್ನಿಸಬಹುದು. ಈ ಬಾಟಲಿಗಳನ್ನು ಒಂದು ಉಕ್ಕಿನ ತಂತಿಗೆ ಕಚ್ಚಿಸಿ ನೀರಿಗೆ ಇಳಿಸುತ್ತಾರೆ. ಬೇಕಾದ ಆಳ ಮುಟ್ಟಿದ ಮೇಲೆ ಮೇಲಿನಿಂದ ತಂತಿಯಗುಂಟ ಒಂದು ಹಿತ್ತಾಳೆಯ ಗುಂಡು ಜಾರಿಬಿಡುತ್ತಾರೆ. ಅದಕ್ಕೆ ಮೆಸೆಂಜರ್ ಅನ್ನುತ್ತಾರೆ. ಅದು ಹೋಗಿ ಬಡಿದರೆ ಬಾಟಲಿ ತಲೆಕೆಳಗಾಗಿ, ಎರಡೂ ಬದಿಯ ಕವಾಟ ಮುಚ್ಚಿಕೊಂಡು, ಆ ಆಳದ ನೀರು ಒಳಗೆ ಉಳಿಯುತ್ತದೆ. ಕವಾಟ ಅಂಟಿಕೊಂಡರೆ ಆಟ ಮುಗಿಯಿತು. ಇಲ್ಲಿ ಕವಾಟಗಳು ಎನಾಮಲ್ ಬಣ್ಣದಲ್ಲಿ ಗಟ್ಟಿಯಾಗಿ ಕೂತಿದ್ದವು. ಅಷ್ಟೇ ಅಲ್ಲ. ತಂತಿ ಸುತ್ತಿದ ರಾಟೆಯ ಮೇಲೆ ಕಾಣುವ ಸುತ್ತುಗಳಿಗೆಲ್ಲ ಬೆಳ್ಳಿ ಬಣ್ಣ ಬಳಿದಿದ್ದರು. ಸುತ್ತು ಸುತ್ತಿಗೆ ಅಂಟಿ ತಂತಿ ಬಿಚ್ಚಿಕೊಳ್ಳುತ್ತಲೇ ಇರಲಿಲ್ಲ, ಬಿಚ್ಚಿದರೂ ಅದರ ಮೇಲೆ ಯಾವ ಗುಂಡು ಜಾರೀತು?

ದಾವಲಸಾಬ ಸಂತೋಷದಿಂದ ಮುಂದೆ ಬಂದ. "ನೋಡ್ರಿ ಸಾಹೇಬ್ರ, ಒಂದೂ ಜಾಗಾ ಬಿಟ್ಟಿಲ್ಲ. ಈ ಬಾಟ್ಲಿ ಹಸರ ಹಿಡದಿದ್ದುವು, ಎರಡೆರಡು ಕೈ ಹಚ್ಚಿಸೇನಿ."

"ಯಾರು ಹೇಳಿದ್ರಪಾ ನಿನಗ ಬಾಟ್ಲಿಗೆ ಹಚ್ಚಂತ?"

"ಕುಲಕರ್ಣಿ ಸಾಹೇಬ್ರು. ಕಣ್ಣಿಗೆ ಬೀಳೂದೆಲ್ಲ ಹೊಳೀಬೇಕಂದ್ರು. ಇವು ಕಣ್ಣಿಗೆ ಬಿದ್ದುವು."

ಸುಮಂಗಲಾ ಅಲ್ಲೇ ಹಗ್ಗದ ಸಿಂಬಿಯ ಮೇಲೆ ಕೂತುಬಿಟ್ಟಳು. ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ಚೀಲದಿಂದ ಒಂದು ಬ್ಲೇಡು ತೆಗೆದು ಮೊದಲ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕೆರೆಯಲು ಶುರು ಮಾಡಿದಳು.

"ಮೇಸ್ತ್ರಿ, ನಿನ್ನ ಮಂದೀನ ಕರಿ. ಹಚ್ಚಿದ್ದು ತಗೀಬೇಕು," ಎಂದೆ.

"ಹಿಂಗ ಅನಬ್ಯಾಡ್ರಿ ಸಾಹೇಬ್ರ. ನಿನ್ನಿ ಹಚ್ಚಿ ಇವತ್ತ ಕೆರೀರಿ ಅಂದ್ರ ನಮ್ಮ ಮಂದಿ ನಗ್ತಾರ್ರಿ."

"ನಗಲಿ. ನಕ್ಕೋತ ಕೆರೀಲಿ."

ನಕ್ಕರು, ಕೆರೆದರು. ತಂತಿಯನ್ನು ರಾಟೆಯಿಂದ ಬಿಡಿಸಿ ಜೆಟ್ಟಿಯ ಉದ್ದಕ್ಕೂ ಹಾಸಿ, ಏಳೆಂಟು ಮಂದಿ ಸೀಮೆಎಣ್ಣೆಯ ಚಿಂದಿ ಹಿಡಿದು ತಿಕ್ಕಿದರು. ಬಾಟಲಿಗಳಿಗೆ ಸೀಮೆಎಣ್ಣೆ ಮುಟ್ಟಿಸುವ ಹಾಗಿರಲಿಲ್ಲ. ಅದರ ಪಸೆ ಒಳಗೆ ಉಳಿದರೆ ಆಮ್ಲಜನಕದ ಅಳತೆ ಕೆಡುತ್ತದೆ. ಒಣ ಬ್ಲೇಡಿನಿಂದಲೇ ಆಗಬೇಕು. ನಡುಮಧ್ಯಾಹ್ನ ಕುಲಕರ್ಣಿಯವರ ಜೀಪು ಬಂತು. ಇಳಿದವರೇ ಕೂಗಿದರು: "ಏನ್ ನಡಿಸೀರಿ ಇದು? ಕೆಲಸ ಪೂರ್ಣ ಆಗೇದ ಅಂತ ನಾ ಸಹಿ ಮಾಡೇನಿ! ಸಹಿ ಆದ ಬಣ್ಣ ತಗೀಲಿಕ್ಕೆ ನಿಮಗ ಯಾರು ಹೇಳಿದ್ರು?"

ಸಮುದ್ರದ ಸಮ್ಮೇಳನ ಮಾಡುವವರಿಗೆ ಸಮುದ್ರ ಅಳೆಯುವುದು ಅಡ್ಡಿಯಾಗಿತ್ತು. ಕ್ಯಾಪ್ಟನ್ ಮಿನೇಜಿಸ್ ನಡುವೆ ಬಂದು, "ಸಾಯ್ಬಾ, ಹಡಗು ಬಿಡತೇನೆ ಈಗ. ನೀವು ಬರೋದೈತೆ? ಹೊರಗೆ ಅಲೆ ಜೋರೈತೆ," ಎಂದು ಸಮಾಧಾನವಾಗಿ ಕೇಳಿದರು. ಕುಲಕರ್ಣಿ ಜೀಪಿಗೆ ವಾಪಸು ಹತ್ತಿದರು.

ಅರ್ಧದಷ್ಟು ಬಾಟಲಿಗಳು ಕೆಲಸಕ್ಕೆ ಬಂದವು, ಉಳಿದವು ಹಳದಿಯಾಗಿಯೇ ಉಳಿದವು. ಹೊರಟಾಗ ಸುಮಂಗಲಾಳಿಗೆ ಒಂದು ಆಯ್ಕೆ ಇತ್ತು: ದಂಡೆಯಿಂದ ಆಳಕ್ಕೆ ಅಳೆಯುತ್ತ ಹೋಗುವುದೋ, ಮೊದಲು ಆಳಕ್ಕೆ ಹೋಗಿ ಅಳೆಯುತ್ತ ಬರುವುದೋ. "ಹೊರಗಿಂದ ಮೊದಲು ಮಾಡೂಣು ಕಾಕಾ. ಗಾಳಿ ಎದ್ರ ಅದು ಸಿಗಂಗಿಲ್ಲ. ದಂಡಿದು ಹೆಂಗಿದ್ರೂ ಬರೂ ಹಾದ್ಯಾಗ ಐತಿ," ಎಂದಳು. ನಾನಿದ್ದರೂ ಹಾಗೆಯೇ ಹೇಳುತ್ತಿದ್ದೆ.

ಆಳದ ನೀರು ಚೆನ್ನಾಗಿ ಸಿಕ್ಕಿತು. ತಳದ ತಣ್ಣೀರು ಆಗಲೇ ಆಳ ಸಮುದ್ರದ ಅಂಚು ಹತ್ತಿ ದಂಡೆಯ ಕಡೆ ಬಂದಿತ್ತು. ನಾನು ಥರ್ಮಾಮೀಟರು ಓದಿ ಹೇಳುತ್ತಿದ್ದಂತೆ ಅವಳ ಮುಖ ಅರಳುತ್ತ ಬಂತು. ಎಲ್ಲಿಯವರೆಗೆ ಏರಿದೆ ಎಂಬುದು ಇನ್ನು ದಂಡೆಯ ಕಡೆಯ ಅರ್ಧದಲ್ಲಿ ಗೊತ್ತಾಗಬೇಕು. ಆ ಕಡೆ ಹಡಗು ತಿರುಗಿಸಿದೆವೋ ಇಲ್ಲವೋ, ವೈರ್‌ಲೆಸ್ ಗೊರಗೊರ ಅಂದಿತು. ಕುಲಕರ್ಣಿಯವರ ಧ್ವನಿ. ಗಣ್ಯರ ಕಾರ್ಯಕ್ರಮ ಬದಲಾಗಿದೆ, ಹಡಗು ನೋಡಲು ಒಂದು ದಿನ ಮುಂಚೆಯೇ ಬರುತ್ತಾರೆ, ದಾಬೋಲಿಮ್ ವಿಮಾನ ನಿಲ್ದಾಣದಿಂದ ನೇರ ಜೆಟ್ಟಿಗೆ. ಎಲ್ಲೂ ನಿಲ್ಲದೆ ತಿರುಗಿ ಬನ್ನಿ.

ಕ್ಯಾಪ್ಟನ್ ಎರಡು ಸಲ ವಾದಿಸಿದರು. ಆಮೇಲೆ ಸುಮಂಗಲಾಳ ಹತ್ತಿರ ಬಂದು, "ಬಾಯ್, ತಂಗೀ, ಹಡಗು ನಡಸೋದು ನಾನು, ಹುಕುಂ ಅವರದು," ಎಂದರು. ಅವಳು ತಲೆ ಅಲ್ಲಾಡಿಸಿದಳು. ಯಾವ ನೀರನ್ನು ಅಳೆಯಬೇಕಾಗಿತ್ತೋ ಅದೇ ನೀರಿನ ಮೇಲೆ, ಪೂರ್ಣ ವೇಗದಲ್ಲಿ, ನಾವು ಮನೆ ಕಡೆ ಬಂದೆವು. ಅವಳು ಹಗ್ಗ ಕಟ್ಟಿದ ಬಕೆಟ್ಟು ಎಸೆದು ಮೇಲಿನ ನೀರನ್ನಾದರೂ ಎತ್ತಿ ಅಳೆದುಕೊಂಡಳು. ಬೇಕಾಗಿದ್ದದ್ದು ತಳದ್ದು.

ಗಣ್ಯರು ಬಂದರು, ಒಂದು ಕಪ್ ಚಹಾ ಮುಗಿಯುವಷ್ಟು ಹೊತ್ತು ಇದ್ದರು. ಚೌಕಟ್ಟಿನಲ್ಲಿದ್ದ ಬಾಟಲಿಗಳನ್ನು ನೋಡಿ, "ಇವು ಬಹಳ ಚೆನ್ನಾಗಿವೆ," ಎಂದು ಹಳದಿಯವನ್ನು ತೋರಿಸಿದರು. "ಉಳಿದವಕ್ಕೇಕೆ ಬಣ್ಣ ಹಚ್ಚಿಲ್ಲ?" ಕುಲಕರ್ಣಿ ನನ್ನನ್ನು ನೋಡಿದ ನೋಟ ಇವತ್ತಿಗೂ ಬೆನ್ನಿಗೆ ಚುಚ್ಚುತ್ತದೆ.

ಮರುದಿನ ಪಣಜಿಯಲ್ಲಿ ಉದ್ಘಾಟನೆ. ಮುಂಗಾರು ಎಂಬುದು ಎಷ್ಟು ಗಹನವಾದ ವಿಷಯ ಎಂದು ಗಣ್ಯರು ಓದಿ ಹೇಳುತ್ತಿದ್ದಾಗ ಮಂಟಪದ ತಗಡಿನ ಮೇಲೆ ಅದೇ ಮುಂಗಾರು ಬಂದು ಬಿತ್ತು. ಒಂದಕ್ಷರ ಕೇಳಲಿಲ್ಲ. ವಿಜ್ಞಾನಿಗಳು ಕುರ್ಚಿ ಎತ್ತಿಕೊಂಡು ಒಳಗೆ ಸರಿದರು. ನಾನು ಕುಲಕರ್ಣಿಯವರ ಕಡೆ ನೋಡಿದೆ. ಅವರು ಮೇಲೆ ನೋಡುತ್ತ, "ಮಿರಗ ಇನ್ನೂ ಕೂಡೇ ಇಲ್ಲ," ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು.

ಸುಮಂಗಲಾಳ ಭಾಷಣ ಎರಡು ದಿನ ಬಿಟ್ಟು ಇತ್ತು. ಅಷ್ಟರಲ್ಲಿ ಸಮುದ್ರ ಅಡಿಮೇಲಾಗಿತ್ತು, ಬಿಟ್ಟದ್ದನ್ನು ಹೋಗಿ ಅಳೆಯುವ ಮಾತೇ ಇರಲಿಲ್ಲ. ನಿರ್ದೇಶಕರು ಅವಳ ನಕ್ಷೆ ತರಿಸಿ ನೋಡಿದರು. ನಾಲ್ಕನೆಯ ವರ್ಷದ ಚಿತ್ರದಲ್ಲಿ ಆಳದ ಕಡೆ ಗೆರೆಗಳಿದ್ದವು, ದಂಡೆಯ ಕಡೆಯ ಅರ್ಧ ಬಿಳಿ ಹಾಳೆ.

"ಇದನ್ನು ಹೀಗೆ ತೋರಿಸಬೇಡ," ಎಂದರು. "ಹಿಂದಿನ ಮೂರು ವರ್ಷದ ಸರಾಸರಿ ತೆಗೆದು ಚುಕ್ಕೆಗೆರೆ ಎಳೆದುಬಿಡು. ಎಲ್ಲರೂ ಮಾಡುತ್ತಾರೆ. ಸಮ್ಮೇಳನ ಮುಗಿದ ಮೇಲೆ ನಿನ್ನ ಫೆಲೋಶಿಪ್ ಮುಂದುವರಿಸುವ ವಿಚಾರ ಇದೆ, ಅದನ್ನೂ ನೋಡೋಣ."

ಹೊರಗೆ ಬಂದವಳೇ ನನ್ನನ್ನು ಕೇಳಿದಳು: "ಕಾಕಾ, ಚುಕ್ಕಿಗೆರಿ ಎಳದ್ರ ಏನಾಗ್ತೈತಿ?"

"ಏನೂ ಆಗಂಗಿಲ್ಲ," ಎಂದೆ. ಅದು ಖರೇ ಮಾತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಫೆಲೋಶಿಪ್ ಸರಾಗವಾಗಿ ಮುಂದುವರಿಯುತ್ತಿತ್ತು, ಅಪ್ಪನಿಗೆ ಇನ್ನೊಂದು ವರ್ಷ ಉತ್ತರ ಕೊಡಬಹುದಿತ್ತು.

"ಅದ ತ್ರಾಸು ಕಾಕಾ, ಏನೂ ಆಗಂಗಿಲ್ಲ ಅನ್ನೂದು," ಎಂದು ಹೋದಳು.

ಭಾಷಣದ ದಿನ ನಾನು ಹಿಂದಿನ ಸಾಲಿನಲ್ಲಿ ಸ್ಲೈಡ್ ಯಂತ್ರದ ಪಕ್ಕದಲ್ಲಿದ್ದೆ. ನಾಲ್ಕನೆಯ ಸ್ಲೈಡು ಬಂತು. ಅರ್ಧ ಬಿಳಿ. ಅದರ ನಡುವೆ ಚಿಕ್ಕದಾಗಿ, ಅಳತೆ ಇಲ್ಲ ಎಂದು ಬರೆದಿದ್ದಳು. ಮುಂದಿನ ಸಾಲಿನಲ್ಲಿ ನಿರ್ದೇಶಕರ ಕುತ್ತಿಗೆ ಕೆಂಪಾಗುವುದು ಹಿಂದಿನಿಂದಲೂ ಕಂಡಿತು. ಪ್ರಶ್ನೆಗಳ ಹೊತ್ತಿಗೆ ಬಿಳಿ ಗಡ್ಡದ ಒಬ್ಬ ಪರದೇಶದ ವಿಜ್ಞಾನಿ ಎದ್ದು, ಇಷ್ಟು ಮುಖ್ಯವಾದ ಜಾಗವೇ ಏಕೆ ಖಾಲಿ, ಉಪಕರಣ ಕೆಟ್ಟಿತ್ತೇ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಸುಮಂಗಲಾ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು: "ಇಲ್ಲ ಸರ್, ಉಪಕರಣ ಚೆನ್ನಾಗಿತ್ತು. ಆ ದಿನಗಳಲ್ಲಿ ನಿಮಗೆ ತೋರಿಸಲೆಂದು ನಮ್ಮ ಹಡಗಿಗೆ ಬಣ್ಣ ಹಚ್ಚುತ್ತಿದ್ದರು."

ಆ ಗಡ್ಡದವರು ಕನ್ನಡಕ ತೆಗೆದು ಒರೆಸುತ್ತ ಹೇಳಿದರು: "ನಮ್ಮ ದೇಶದಲ್ಲೂ ಹಚ್ಚುತ್ತಾರೆ. ಆದರೆ ನಾವು ಅಲ್ಲಿ ಚುಕ್ಕೆಗೆರೆ ಎಳೆಯುತ್ತೇವೆ."

ಮೊದಲು ಒಬ್ಬರು ನಕ್ಕರು, ಆಮೇಲೆ ಇಡೀ ಸಭೆ. ನಿರ್ದೇಶಕರು ನಗಬೇಕೋ ಬೇಡವೋ ಎಂದು ಆ ಕಡೆ ಈ ಕಡೆ ನೋಡಿ, ಎಲ್ಲರೂ ನಗುತ್ತಿದ್ದಾರೆಂದು ಖಾತ್ರಿಯಾದ ಮೇಲೆ ತಾವೂ ನಕ್ಕರು. ಕುಲಕರ್ಣಿ ನಗಲಿಲ್ಲ.

ಸಮ್ಮೇಳನ ಮುಗಿದ ಮೇಲೆ ಬಣ್ಣದ ವಿಷಯದಲ್ಲಿ ಒಂದು ಸಮಿತಿ ಕೂತಿತು. ಇನ್ನು ಮುಂದೆ ಅತಿಥಿಗಳು ಬರುವಾಗ ಉಪಕರಣಗಳನ್ನು ಕಣ್ಣಿಗೆ ಬೀಳದ ಹಾಗೆ ಗೋದಾಮಿನಲ್ಲಿ ಇಡಬೇಕು ಎಂಬುದು ಅದರ ತೀರ್ಮಾನ. ನಾನು ಓದಿ ಸಹಿ ಹಾಕಿದೆ. ಬೇರೇನು ಮಾಡಲಿ?

ಸುಮಂಗಲಾಳ ವಿಷಯ ಬಹಳ ದಿನ ತೂಗುತ್ತಿತ್ತು. ನಿರ್ದೇಶಕರು ಅವಳೊಂದಿಗೆ ಮಾತು ಬಿಟ್ಟಿದ್ದರು. ಆಗಸ್ಟ್ ಹತ್ತಿರ ಬಂದಾಗ ನಮ್ಮಿಬ್ಬರನ್ನೂ ಕರೆದರು. "ನೋಡಮ್ಮ, ಪರದೇಶದವರ ಮುಂದೆ ಒಂದು ಜಾಗ ಖಾಲಿ ಅಂತ ತೋರಿಸಿದ್ದೀ. ಅದು ಹಾಗೇ ಉಳಿಯಬಾರದು. ಫೆಲೋಶಿಪ್ ಒಂದು ವರ್ಷ ಮುಂದುವರಿಸುತ್ತೇನೆ. ಮುಂದಿನ ಮೇ ತಿಂಗಳು ಹೋಗಿ ಅಳೆದು, ಆ ಖಾಲಿ ಜಾಗ ತುಂಬಿಬಿಡು."

ಈ ವರ್ಷದ ನೀರನ್ನು ಮುಂದಿನ ವರ್ಷ ಹೋಗಿ ಅಳೆಯುವುದು! ಸುಮಂಗಲಾ ಬಾಯಿ ತೆರೆದಳು, "ಸರ್, ಅದು ಹಂಗ ತುಂಬಾಕ..." ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದೆ. "ಆಗಲಿ ಸರ್, ತುಂಬತಾಳ," ಎಂದೆ. ಹೊರಗೆ ಬಂದ ಮೇಲೆ ಅವಳು ಕಾಲು ತಿಕ್ಕಿಕೊಳ್ಳುತ್ತ ನಗಲಾರಂಭಿಸಿದಳು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು.

ಮುಂದಿನ ಮೇ ತಿಂಗಳು ಯಾವ ಸಮ್ಮೇಳನವೂ ಇರಲಿಲ್ಲ. ದಂಡೆಯಿಂದ ಆಳದವರೆಗೆ ಪೂರ್ತಿ ಅಳೆದೆವು. ದಂಡೆಯ ಕಡೆಯ ತಳದ ನೀರು ಮೊದಲ ಮೂರು ವರ್ಷಗಳ ಅಳತೆಯನ್ನು ಹೋಲದೆ ಬೇರೆಯೇ ಆಗಿತ್ತು. ತಣ್ಣೀರು ಎಷ್ಟೋ ಒಳಗೆ ಬಂದುಬಿಟ್ಟಿತ್ತು. ಈ ಬದಲಾವಣೆ ಅದೇ ವರ್ಷ ಆಯಿತೋ, ಹಿಂದಿನ ವರ್ಷವೇ ಶುರುವಾಗಿತ್ತೋ ಹೇಳಲು ಯಾವ ದಾರಿಯೂ ಇಲ್ಲ. ಸರಾಸರಿಯ ಚುಕ್ಕೆಗೆರೆ ಎಳೆದಿದ್ದರೆ, ಇದ್ದಕ್ಕಿದ್ದಂತೆ ಒಂದೇ ವರ್ಷದಲ್ಲಿ ಆಯಿತೆಂದು ಎಲ್ಲರೂ ನಂಬುತ್ತಿದ್ದರು, ಅದರ ಮೇಲೆ ಇನ್ಯಾರೋ ಲೇಖನ ಬರೆಯುತ್ತಿದ್ದರು, ಆ ಲೇಖನ ಓದಲು ಇನ್ನೊಂದು ಸಮ್ಮೇಳನ ಆಗುತ್ತಿತ್ತು.

ಸುಮಂಗಲಾಳ ಪ್ರಬಂಧ ಆ ಅರ್ಧ ಬಿಳಿ ಚಿತ್ರದೊಂದಿಗೇ ಅಚ್ಚಾಯಿತು. ನಿರ್ದೇಶಕರು ಪುಟ ತಿರುಗಿಸುತ್ತ ಅಲ್ಲಿ ತಡೆದರು, ಆಮೇಲೆ ಪೆನ್ನು ತೆಗೆದು ಸಹಿ ಮಾಡಿದರು.

ನೌಕರಿಯಲ್ಲಿ ಕಲಿತದ್ದು ಏನು ಎಂದು ಕೇಳುವವರಿಗೆ ನಾನು ಹೇಳುವುದು ಇದನ್ನೇ. ತಿಳಿದದ್ದನ್ನು ಬರೆಯಲು ಕಚೇರಿಯಲ್ಲಿ ಯಾರ ಅಡ್ಡಿಯೂ ಇರುವುದಿಲ್ಲ. ತಿಳಿಯದ್ದನ್ನು ತಿಳಿಯದು ಎಂದು ಬರೆಯಬೇಕಾದರೆ ಮಾತ್ರ ನಿರ್ದೇಶಕರ ಕೋಣೆಗೆ ಹೋಗಿ ನಿಲ್ಲಬೇಕಾಗುತ್ತದೆ. ಆ ವರ್ಷ ಮೇ ಕೊನೆಯಲ್ಲಿ ಗೋವಾದ ದಂಡೆಯ ತಳದಲ್ಲಿ ನೀರು ಎಷ್ಟು ತಣ್ಣಗಿತ್ತು? ಆಗ ಅದರ ಮೇಲೆ ಹಾದು ಬಂದವನು ನಾನೇ. ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಅಷ್ಟನ್ನು ಮಾತ್ರ ಖಾತ್ರಿಯಾಗಿ ಹೇಳಬಲ್ಲೆ.